28, 44 ಇಲ್ಲವೇ 70? ನಮ್ಮ ಮರದ ಲೌಬೆಗೆ ಗೋಡೆ ಆರಿಸಿದ ಕಥೆ

ನಾವಿರುವುದು ಜರ್ಮನಿಯ ಎರ್ಲಾಂಗನ್‌ನಲ್ಲಿ, ಮೂರನೇ ಮಹಡಿಯ ಫ್ಲಾಟಿನಲ್ಲಿ. ಮಣ್ಣು ಮುಟ್ಟಬೇಕು ಅನ್ನಿಸಿದರೆ ಬಾಲ್ಕನಿಯ ಕುಂಡಗಳೇ ಗತಿ. ತೀರ್ಥಹಳ್ಳಿ ಕಡೆಯಿಂದ ಬಂದ ನನಗೆ ಅದು ಸಾಕಾಗುತ್ತಿರಲಿಲ್ಲ. ಹೆಸರು ಬರೆಸಿ ನಾಲ್ಕು ವರ್ಷ ಕಾದ ಮೇಲೆ, 2021ರ ಅಕ್ಟೋಬರ್‌ನಲ್ಲಿ ನಮಗೂ ಒಂದು ಕ್ಲೈನ್‌ಗಾರ್ಟನ್ ಸಿಕ್ಕಿತು. ಊರಂಚಿನಲ್ಲಿ ಸಂಘದವರು ಬಾಡಿಗೆಗೆ ಕೊಡುವ ಪುಟ್ಟ ತೋಟ ಅದು. ಇದನ್ನೇ ಶ್ರೇಬರ್‌ಗಾರ್ಟನ್ ಅಂತಲೂ ಕರೆಯುತ್ತಾರೆ. 19ನೇ ಶತಮಾನದಲ್ಲಿ ಲೈಪ್ಸಿಗ್‌ನಲ್ಲಿ ಶ್ರೇಬರ್ ಎಂಬ ವೈದ್ಯರ ಹೆಸರಿನಲ್ಲಿ ಮಕ್ಕಳಿಗೆ ಆಟದ ಬಯಲು ಮಾಡಿದ್ದರಂತೆ, ಅದರ ಅಂಚಿನಲ್ಲಿ ಹುಟ್ಟಿದ ತೋಟಗಳಿಂದ ಬಂದ ಹೆಸರು.

ತೋಟದೊಳಗೆ ಕಟ್ಟುವ ಪುಟ್ಟ ಮನೆಗೆ ಇಲ್ಲಿ ಲೌಬೆ ಅನ್ನುತ್ತಾರೆ. ನಮ್ಮೂರ ತೋಟದ ಮನೆಯ ಹಾಗಲ್ಲ. 1983ರ ಕಾನೂನು ಇದೆ, ಅದರ ಪ್ರಕಾರ ಲೌಬೆ ಸರಳವಾಗಿರಬೇಕು, ಸೂರಿನ ಕೆಳಗೆ ಕೂರುವ ಜಾಗವೂ ಸೇರಿ 24 ಚದರ ಮೀಟರ್ ದಾಟಬಾರದು, ಖಾಯಂ ವಾಸಕ್ಕೆ ತಕ್ಕಂತೆ ಇರಬಾರದು. ಈ ಕೊನೆಯ ಮಾತು ಮುಂದೆ ತುಂಬಾ ಉಪಯೋಗಕ್ಕೆ ಬಂತು.

ತೋಟದ ಜೊತೆ ಒಂದು ಹಳೆ ಲೌಬೆಯೂ ಬಂತು. ಬಾಗಿಲ ಹತ್ತಿರ ಕಾಲಿಟ್ಟರೆ ನೆಲ ಕುಸಿಯುತ್ತಿತ್ತು. ಸುಮಾರು 30 ವರ್ಷ ಹಳೆಯದು ಅಂತ ಹಿಂದಿನವರು ಹೇಳಿದ್ದರು. ಮಷೀನು ತಂದು ಒಂದೇ ದಿನದಲ್ಲಿ ಕೆಡವಬಹುದಿತ್ತು, ಆದರೆ ನಾವು ನಾಲ್ಕು ಶನಿವಾರ ಕೂತು ಒಂದೊಂದೇ ಹಲಗೆ ಬಿಚ್ಚಿದೆವು. ಹೊಸ ಮನೆ ಕಟ್ಟುವ ಮೊದಲು ಮಾಡಿದ ಕೆಲಸಗಳಲ್ಲಿ ಇದಕ್ಕಿಂತ ಒಳ್ಳೆಯದು ಇನ್ನೊಂದಿಲ್ಲ. ಗೋಡೆ 28 ಮಿಲಿಮೀಟರ್ ದಪ್ಪದ ಸ್ಪ್ರೂಸ್ ಮರದ್ದು. ಕೆಳಗಿನ ತೊಲೆಗಳನ್ನು ಯಾರೋ ನೇರವಾಗಿ ಮಣ್ಣಿನ ಮೇಲೇ ಇಟ್ಟಿದ್ದರು, ಅವು ಮುಟ್ಟಿದರೆ ಪುಡಿಯಾಗುತ್ತಿದ್ದವು. ಮಳೆ ಹೊಡೆಯುವ ಪಶ್ಚಿಮದ ಗೋಡೆಯಲ್ಲಿ ಕೆಳಗಿನ ಎರಡು ಹಲಗೆ ಕಪ್ಪಾಗಿ ಮೆತ್ತಗಾಗಿದ್ದವು. ಮೂರನೆಯದರಿಂದ ಮೇಲೆ? ಎಲ್ಲವೂ ಗಟ್ಟಿ! ಒಂದನ್ನು ಗರಗಸದಲ್ಲಿ ಕೊಯ್ದು ನೋಡಿದರೆ ಒಳಗೆ ಹೊಸ ಮರದ ಹಾಗೆ ಹಳದಿ ಬಿಳುಪು, ಮೇಣದ ವಾಸನೆ. ಅದೇ ಮರ, ಅದೇ ದಪ್ಪ, ಅದೇ 30 ಮಳೆಗಾಲ. ಕೆಳಗಿನದು ಸತ್ತಿದೆ, ಮೇಲಿನದು ಬದುಕಿದೆ. ಆ ತುಂಡನ್ನು ಇವತ್ತಿಗೂ ಇಟ್ಟುಕೊಂಡಿದ್ದೇನೆ.

ಇಷ್ಟು ನೋಡಿದ ಮೇಲೂ ಅಂಗಡಿಗೆ ಹೋದಾಗ ತಲೆ ತಿರುಗಿತು ಅನ್ನುವುದು ನಿಜ. ಈ ಮನೆಗಳು ಕಿಟ್ ಆಗಿ ಬರುತ್ತವೆ. ಹಲಗೆಗಳನ್ನು ಮೂಲೆಯಲ್ಲಿ ಒಂದಕ್ಕೊಂದು ಕಚ್ಚುವಂತೆ ಕೊರೆದಿರುತ್ತಾರೆ, ಒಂದರ ಮೇಲೊಂದು ಕೂರಿಸುತ್ತಾ ಹೋಗುವುದು. ಗೋಡೆಯೇ ಕಂಬ, ಗೋಡೆಯೇ ತೊಲೆ, ಬೇರೆ ಚೌಕಟ್ಟು ಇರುವುದಿಲ್ಲ. ಅದಕ್ಕೇ ಎಲ್ಲರೂ ಮೊದಲು ಕೇಳುವುದು ಗೋಡೆಯ ದಪ್ಪ. 19, 28, 34, 40, 44, 58, 70 ಮಿಲಿಮೀಟರ್ ಹೀಗೆ ಸಾಲು. ಅಂಗಡಿಯವರು ನಮ್ಮನ್ನು ಸೀದಾ 70ರ ಹತ್ತಿರ ಕರೆದುಕೊಂಡು ಹೋಗಿ, ಗೋಡೆ ತಟ್ಟಿ ತೋರಿಸಿ, ಇದಾದರೆ ಜನವರಿಯಲ್ಲೂ ಬೆಚ್ಚಗೆ ಕೂರಬಹುದು ಅಂದರು. ತಟ್ಟಿದರೆ ಚೆಂದದ ಸದ್ದು ಬರುತ್ತಿತ್ತು, ಸುಳ್ಳು ಹೇಳಲ್ಲ, ನನಗೆ ಅಲ್ಲೇ ಮನಸ್ಸಾಗಿತ್ತು.

ತಡೆದವಳು ನನ್ನ ಹೆಂಡತಿ. ಅವಳು ಕಟ್ಟಡದ ಎಂಜಿನಿಯರ್. ಮನೆಗೆ ಬಂದು ಮಗಳ ನೋಟ್‌ಬುಕ್ಕಿನ ಹಿಂದಿನ ಹಾಳೆಯಲ್ಲಿ ಲೆಕ್ಕ ಹಾಕಿದಳು. ಒಳಗೂ ಹೊರಗೂ ಒಂದು ಡಿಗ್ರಿ ವ್ಯತ್ಯಾಸ ಇದ್ದಾಗ ಒಂದು ಚದರ ಮೀಟರ್ ಗೋಡೆಯಿಂದ ಎಷ್ಟು ವಾಟ್ ಶಾಖ ಹೊರಗೆ ಹೋಗುತ್ತದೆ ಅನ್ನುವುದೇ ಲೆಕ್ಕ, ಇದಕ್ಕೆ ಯು ಮೌಲ್ಯ ಅನ್ನುತ್ತಾರೆ. ಕಡಿಮೆ ಇದ್ದಷ್ಟೂ ಒಳ್ಳೆಯದು. 28 ಮಿಲಿಮೀಟರ್ ಸ್ಪ್ರೂಸ್‌ಗೆ ಸುಮಾರು 2.6 ಬಂತು. 44ಕ್ಕೆ 2.0. 70ಕ್ಕೆ 1.4. ಇಲ್ಲಿ ಹಳೆ ಮನೆಯ ಹೊರಗೋಡೆಗೆ ಇನ್ಸುಲೇಷನ್ ಹಾಕಿಸಿದರೆ ಕಾನೂನು ಕೇಳುವ ಅಂಕಿ 0.24. ಬರೀ ಮರದಿಂದಲೇ ಆ ಅಂಕಿಗೆ ಬರಬೇಕಾದರೆ ಗೋಡೆ ಅರ್ಧ ಮೀಟರಿಗಿಂತಲೂ ದಪ್ಪ ಇರಬೇಕು. ಅಂದರೆ 28 ಆದರೂ 70 ಆದರೂ ಚಳಿಗಾಲದ ಮಟ್ಟಿಗೆ ಎರಡೂ ತೆಳು ಗೋಡೆಗಳೇ! ಇನ್ನೊಂದು ವಿಷಯ ಅವಳು ಕಿಟ್‌ನ ಪಟ್ಟಿಯಲ್ಲಿ ತೋರಿಸಿದಳು. ಗೋಡೆ 70 ಇದ್ದರೂ ಮಾಡಿನ ಹಲಗೆ 19 ಮಿಲಿಮೀಟರ್ ಮಾತ್ರ, ಅದರ ಯು ಮೌಲ್ಯ 3.5. ಬಿಸಿ ಗಾಳಿ ಮೇಲಕ್ಕೆ ತಾನೇ ಹೋಗುವುದು? ದುಡ್ಡು ಕೊಟ್ಟು ಗೋಡೆ ದಪ್ಪ ಮಾಡಿಸಿ ಮಾಡನ್ನು ಹಾಗೇ ಬಿಟ್ಟರೆ, ಸ್ವೆಟರ್ ಮೇಲೆ ಸ್ವೆಟರ್ ಹಾಕಿ ತಲೆಗೆ ಏನೂ ಕಟ್ಟಿಕೊಳ್ಳದೆ ಹೊರಟ ಹಾಗೆ.

ಅಲ್ಲದೆ ಹೇಗೂ ಖಾಯಂ ವಾಸ ಮಾಡುವಂತಿಲ್ಲ. ಜನವರಿಯಲ್ಲಿ ತೋಟದಲ್ಲಿ ಕೆಲಸವಾದರೂ ಏನಿರುತ್ತದೆ?

ಹಾಗಾದರೆ 28 ಸಾಕಲ್ವಾ ಅಂದುಕೊಂಡೆ. ಆಗ ತಿದ್ದಿದವರು ಪಕ್ಕದ ತೋಟದ ಹಿರಿಯರು, 40 ವರ್ಷ ಬಡಗಿ ಕೆಲಸ ಮಾಡಿ ನಿವೃತ್ತರಾದವರು. ಅವರು ನಮ್ಮನ್ನು ತಮ್ಮ ಸಾಲಿನ ಬೇರೆ ಬೇರೆ ಲೌಬೆಗಳ ಮುಂದೆ ನಿಲ್ಲಿಸಿ, ಗೋಡೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ ಅಂದರು. ತೆಳು ಗೋಡೆಯವು ನಡುವೆ ಹೊಟ್ಟೆ ಬಿಟ್ಟಿದ್ದವು. ಕೆಲವು ಕಡೆ ಎರಡು ಹಲಗೆಗಳ ನಡುವೆ ಬೆಳಕು ಕಾಣುತ್ತಿತ್ತು. ದಪ್ಪ ಬೇಕಾಗುವುದು ಗೋಡೆ ನೆಟ್ಟಗೆ ನಿಲ್ಲುವುದಕ್ಕೆ ಅಂತ ಅವರು ಹೇಳಿದರು, ಬಿಸಿಗಲ್ಲ. ಹಲಗೆಯ ಮೇಲಂಚಿನಲ್ಲಿ ಒಂದು ನಾಲಗೆ ಇರುತ್ತದೆ, ಮೇಲೆ ಕೂರುವ ಹಲಗೆಯ ಕೆಳಗೆ ಅದಕ್ಕೆ ತಕ್ಕ ತೋಡು. 28ರಲ್ಲಿ ಸಾಮಾನ್ಯವಾಗಿ ಒಂದೇ ನಾಲಗೆಗೆ ಜಾಗ. 40, 44ರಲ್ಲಿ ಎರಡು ನಾಲಗೆ, ಎರಡು ತೋಡು ಬರುತ್ತವೆ. ಗಾಳಿ, ಎರಚಲು ಎರಡು ತಿರುವು ದಾಟಿ ಒಳಗೆ ಬರಬೇಕು.

ಆ ರಾತ್ರಿ ಹೆಂಡತಿ ಮತ್ತೆ ಹಾಳೆ ಹಿಡಿದಳು. ಹಲಗೆ ಬಾಗದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ, ಅಂದರೆ ದಪ್ಪ × ದಪ್ಪ × ದಪ್ಪಕ್ಕೆ, ಸರಿಯಾಗಿ ಏರುತ್ತದೆ. 28ರಿಂದ 44ಕ್ಕೆ ಹೋದರೆ ದಪ್ಪ ಒಂದೂವರೆ ಪಟ್ಟಿಗಿಂತ ಸ್ವಲ್ಪ ಜಾಸ್ತಿ ಆಗುತ್ತದೆ ಅಷ್ಟೇ, ಆದರೆ ಬಿಗಿ ಹತ್ತಿರ ಹತ್ತಿರ ನಾಲ್ಕು ಪಟ್ಟು. ಎರಡು ಮೀಟರ್ ಉದ್ದದ ಸಾಮಾನಿನ ಕೋಣೆಗೆ 28 ಧಾರಾಳ ಸಾಕು. ನಮ್ಮದು 3 ಮೀಟರಿಗೆ 4 ಮೀಟರ್. ಆ 4 ಮೀಟರ್ ಗೋಡೆಯಲ್ಲಿ ಅಡ್ಡಗೋಡೆಯ ಆಸರೆಯೂ ಇರಲಿಲ್ಲ.

70 ಬಿಟ್ಟಿದ್ದಕ್ಕೆ ಇನ್ನೊಂದು ಕಾರಣ ಇತ್ತು, ತೂಕ. ಲಾರಿ ಗೇಟಿನ ತನಕ ಮಾತ್ರ ಬರುತ್ತದೆ, ಅಲ್ಲಿಂದ ನಮ್ಮ ತೋಟಕ್ಕೆ 150 ಮೀಟರ್ ಕಾಲುದಾರಿ. ಸ್ಪ್ರೂಸ್ ಒಂದು ಘನ ಮೀಟರಿಗೆ ಸುಮಾರು 450 ಕಿಲೋ. ನಮ್ಮ ಅಳತೆಯ ಗೋಡೆಗಳಿಗೆ 44ರಲ್ಲಿ ಅರ್ಧ ಟನ್ನಿಗೆ ಸ್ವಲ್ಪ ಮೇಲೆ, 70ರಲ್ಲಿ 850 ಕಿಲೋ. ಎಲ್ಲವನ್ನೂ ಹೊರಬೇಕಾದವರು ನಾವಿಬ್ಬರು ಮತ್ತು ಇಬ್ಬರು ಗೆಳೆಯರು. 44ಕ್ಕೆ ಗಟ್ಟಿ ಮಾಡಿದೆವು. ಹಿರಿಯರು 40 ಆದರೂ ನಡೆಯುತ್ತದೆ ಅಂದಿದ್ದರು, ನಮ್ಮ ಅಳತೆಯಲ್ಲಿ ಸಿಕ್ಕಿದ್ದು 44.

ಇನ್ನು ಮರ. ಇಲ್ಲಿ ನನ್ನ ನಿಜವಾದ ಸಲಹೆಗಾರರು ಅಪ್ಪಯ್ಯ. ಊರಿನಿಂದ ವಿಡಿಯೋ ಕಾಲ್‌ನಲ್ಲೇ ಎಲ್ಲ ನೋಡಿದರು. ಅಂಗಡಿಯಲ್ಲಿ ಸ್ಪ್ರೂಸ್ ಹಲಗೆಯ ತುದಿಯನ್ನು ಫೋನಿಗೆ ಹಿಡಿದೆ. ಅವರು ಕೇಳಿದ ಮೊದಲ ಪ್ರಶ್ನೆ, "ಚೇಗು ಎಷ್ಟಿದೆಯೋ?" ಹಲಸಿರಲಿ, ಮತ್ತಿ ಇರಲಿ, ಹೊನ್ನೆ ಇರಲಿ, ಮರ ಕೊಯ್ಸುವಾಗ ನಮ್ಮ ಕಡೆ ನೋಡುವುದೇ ಅದು, ನಡುವಿನ ಗಟ್ಟಿ ಬಣ್ಣದ ಭಾಗ. ಸುತ್ತಲಿನ ಬಿಳಿ ಭಾಗಕ್ಕೆ ಕುಟ್ಟೆ ಹಿಡಿಯುತ್ತದೆ, ಗೆದ್ದಲು ಬರುತ್ತದೆ, ಚೇಗು ಉಳಿಯುತ್ತದೆ. ಅವರೇ ಸ್ವಲ್ಪ ಹೊತ್ತು ದಿಟ್ಟಿಸಿ, "ಇದಕ್ಕೆ ಚೇಗೇ ಕಾಣಲ್ವಲ್ಲ ಮಾರಾಯ, ಪೂರ್ತಿ ಬಿಳಿಯೇ" ಅಂದರು.

ಸರಿಯಾಗಿಯೇ ಹೇಳಿದ್ದರು. ಸ್ಪ್ರೂಸ್‌ನಲ್ಲಿ ನಡುವಿನ ಭಾಗಕ್ಕೂ ಹೊರ ಭಾಗಕ್ಕೂ ಬಣ್ಣದಲ್ಲಿ ವ್ಯತ್ಯಾಸ ಕಾಣುವುದಿಲ್ಲ. ಯುರೋಪಿನಲ್ಲಿ ಮರದ ಬಾಳಿಕೆಗೆ 1ರಿಂದ 5ರ ತನಕ ದರ್ಜೆ ಇದೆ, 1 ಅಂದರೆ ಬಹಳ ಬಾಳುವುದು, ಒಳ್ಳೆಯ ತೇಗ ಅಲ್ಲಿ ಬರುತ್ತದೆ. ಸ್ಪ್ರೂಸ್ 4ನೇ ದರ್ಜೆ. ಲಾರ್ಚ್ ಮತ್ತು ಇಲ್ಲೇ ಬೆಳೆದ ಡಗ್ಲಸ್ ಫರ್ ಮರಗಳ ಚೇಗು 3ರಿಂದ 4ರ ನಡುವೆ. ಓಕ್ 2ರಿಂದ 4ರ ನಡುವೆ. ಲಾರ್ಚ್‌ನ ತುಂಡು ತೋರಿಸಿದಾಗ ಅಪ್ಪಯ್ಯನ ಮುಖ ಅರಳಿತು, ಅದಕ್ಕೆ ಕೆಂಪು ಕಂದು ಬಣ್ಣದ ಚೇಗು ಚೆನ್ನಾಗಿ ಕಾಣುತ್ತದೆ. "ಇದು ಮರ" ಅಂದರು.

ಆದರೆ ಇಡೀ ಗೋಡೆಯನ್ನು ಲಾರ್ಚ್‌ನಲ್ಲಿ ಮಾಡಿಸಲು ದುಡ್ಡು ತುಂಬಾ ಆಗುತ್ತಿತ್ತು. ಅದು 2022ರ ವಸಂತ, ಹಿಂದಿನ ವರ್ಷದಿಂದಲೇ ಮರದ ಬೆಲೆ ಏರಿ ಕೂತಿತ್ತು. ದುಡ್ಡಿನ ಮಾತು ಬಿಟ್ಟರೂ ಲಾರ್ಚ್ ಭಾರ, ಮೇಣ ಸುರಿಸುತ್ತದೆ, ಸೀಳುತ್ತದೆ, ಸ್ಕ್ರೂ ಹಾಕುವ ಮೊದಲು ತೂತು ಕೊರೆಯಲೇಬೇಕು, ಮಾಮೂಲಿ ಕಬ್ಬಿಣದ ಸ್ಕ್ರೂ ಹಾಕಿದರೆ ಮಳೆಗೆ ಕಪ್ಪು ಕಲೆ ಇಳಿಯುತ್ತದೆ, ಸ್ಟೇನ್‌ಲೆಸ್ಸೇ ಬೇಕು. ಒಂದರ ಮೇಲೊಂದು ಕೂರುವ ಹಲಗೆಗೆ ಬೇಕಾದದ್ದು ಅಷ್ಟಾಗಿ ತಿರುಚಿಕೊಳ್ಳದ, ಹಗುರ ಮರ. ಅದಕ್ಕೆ ಸ್ಪ್ರೂಸ್ ನಿಜವಾಗಿಯೂ ಒಳ್ಳೆಯದು. ಅದರಲ್ಲೂ ಉತ್ತರದ ಚಳಿ ದೇಶಗಳಲ್ಲಿ ನಿಧಾನವಾಗಿ ಬೆಳೆದದ್ದಾದರೆ ವರ್ಷದ ಉಂಗುರಗಳು ಹತ್ತಿರ ಹತ್ತಿರ ಇರುತ್ತವೆ, ಗಂಟುಗಳು ಸಣ್ಣವು. ನಾನು ಅಂಗಡಿಯಲ್ಲಿ ಹಲಗೆಗಳ ತುದಿ ನೋಡಿ ಉಂಗುರ ಎಣಿಸಿಯೇ ಆರ್ಡರ್ ಕೊಟ್ಟದ್ದು. ಇದನ್ನು ಯಾರು ಬೇಕಾದರೂ ಮಾಡಬಹುದು, ಒಂದು ಸ್ಕೇಲ್ ಸಾಕು.

ಹಳೆ ಲೌಬೆಯ ಆ ತುಂಡು ಹೇಳಿದ್ದೂ ಇದನ್ನೇ ಅಲ್ವಾ? ಒದ್ದೆಯಾಗಿ ಒದ್ದೆಯಾಗಿಯೇ ಉಳಿದ ಜಾಗದಲ್ಲಿ ಮಾತ್ರ ಮರ ಕೊಳೆತಿತ್ತು. ಮರದ ತೇವ ಬಹಳ ದಿನ 20 ಶೇಕಡಾ ದಾಟಿ ನಿಂತರೆ ಶಿಲೀಂಧ್ರ ಹಿಡಿಯುವ ಅಪಾಯ ಶುರು. ತೇವ ಅದಕ್ಕಿಂತ ಕೆಳಗೇ ನಿಂತರೆ ಸ್ಪ್ರೂಸ್ ಕೂಡ ತಲೆಮಾರು ಬಾಳುತ್ತದೆ. ಇಲ್ಲಿ ನಮ್ಮೂರಿನ ಹಾಗೆ ಗೆದ್ದಲಿನ ಕಾಟವೂ ಇಲ್ಲ. ಹಾಗಾಗಿ ದುಡ್ಡನ್ನು ಕೆಳಕ್ಕೆ ಹಾಕಿದೆವು. ಗೋಡೆ ಸ್ಪ್ರೂಸ್, ನೆಲದ ತೊಲೆ ಮತ್ತು ಹೊಸ್ತಿಲು ಲಾರ್ಚ್‌ನ ಚೇಗು. ಕಿಟ್‌ನಲ್ಲಿ ಹಸಿರು ಛಾಯೆಯ ಔಷಧಿ ಕುಡಿಸಿದ ತೊಲೆ ಬರುತ್ತದೆ, ಅದು ಪೈನ್ ಮರದ್ದಾದರೆ ಪರವಾಗಿಲ್ಲ, ಪೈನ್‌ನ ಬಿಳಿ ಭಾಗ ಔಷಧಿಯನ್ನು ಚೆನ್ನಾಗಿ ಹೀರುತ್ತದೆ. ಸ್ಪ್ರೂಸ್ ಒಳಕ್ಕೆ ಹೀರುವುದಿಲ್ಲ, ಮೇಲೆ ಮೇಲೆ ಮಾತ್ರ ಹಸಿರು. ನಮ್ಮ ಕಿಟ್‌ನಲ್ಲಿ ಸ್ಪ್ರೂಸ್‌ನದೇ ಇತ್ತು, ಅದಕ್ಕೇ ಬೇಡ ಅಂದೆವು. ಕಾಂಕ್ರೀಟ್ ಕಲ್ಲುಗಳ ಮೇಲೆ ತೊಲೆ ಕೂರಿಸಿ, ನೆಲದಿಂದ ಒಂದು ಗೇಣು ಎತ್ತರಿಸಿ, ಸುತ್ತ ಜಲ್ಲಿ ಹಾಕಿದೆವು. ಮಣ್ಣಿಗೆ ಬಿದ್ದ ಹನಿ ಸಿಡಿದು ಗೋಡೆಗೆ ಬೀಳುವುದು ಜಲ್ಲಿಯಿಂದ ಎಷ್ಟೋ ಕಡಿಮೆಯಾಗುತ್ತದೆ. ಸೂರನ್ನು ಎರಡೂ ಕಡೆ ಉದ್ದ ಇಳಿಸಿದೆವು. ಇದು ಅಪ್ಪಯ್ಯನ ಹಟ. ನಮ್ಮೂರ ಮಳೆಯಲ್ಲಿ ಬದುಕಿದವರಿಗೆ ಗಿಡ್ಡ ಸೂರು ನೋಡಿದರೆ ಸಹಿಸುವುದಿಲ್ಲ.

ಮೇ ತಿಂಗಳಲ್ಲಿ ಕಟ್ಟಿದೆವು. ಗೋಡೆ ಎದ್ದದ್ದು ಒಂದೂವರೆ ದಿನದಲ್ಲಿ, ಅದರ ಬಗ್ಗೆ ಹೇಳುವಂಥದ್ದೇನೂ ಇಲ್ಲ, ರಬ್ಬರ್ ಸುತ್ತಿಗೆ ಮತ್ತು ನಾಲ್ಕು ಜನ ಇದ್ದರೆ ಆಯಿತು. ಸಮಯ ಹಿಡಿದದ್ದು ಅದಕ್ಕಿಂತ ಮೊದಲು. ಪ್ರತಿ ಹಲಗೆಗೂ ನಾಲಗೆ, ತೋಡು, ತುದಿ ಎಲ್ಲ ಬಿಡದೆ ನೀಲಿ ಬೂಷ್ಟು ತಡೆಯುವ ಔಷಧಿ ಹಚ್ಚಿ ಒಣಗಿಸಿದೆವು. ಕಟ್ಟಿದ ಮೇಲೆ ಆ ಜಾಗಗಳಿಗೆ ಕುಂಚ ಹೋಗುವುದೇ ಇಲ್ಲ. ಮೇಲಿನಿಂದ ಎರಡು ಕೋಟ್ ಬಣ್ಣದ ಲಸೂರ್, ಅಂದರೆ ಮರದ ಗೆರೆ ಕಾಣುವಂತೆ ತೆಳುವಾಗಿ ಹಚ್ಚುವ ಲೇಪ. ಬಣ್ಣವಿಲ್ಲದ್ದು ಬೇಡ ಅಂತ ಹಿರಿಯರು ಖಂಡಿತವಾಗಿ ಹೇಳಿದರು, ಬಿಸಿಲನ್ನು ತಡೆಯುವುದು ಅದರಲ್ಲಿರುವ ಬಣ್ಣದ ಪುಡಿಯೇ. ನಮ್ಮ ಕಡೆ ಹಚ್ಚುವ ಗೇರೆಣ್ಣೆಯ ಕಂದು ಬಣ್ಣಕ್ಕೆ ಹತ್ತಿರ ಇದ್ದದ್ದನ್ನೇ ಆರಿಸಿಕೊಂಡೆ.

ಮಾಡಿನ ಮೇಲೆ 60 ಮಿಲಿಮೀಟರ್ ದಪ್ಪದ ಮರದ ನಾರಿನ ಇನ್ಸುಲೇಷನ್ ಹಲಗೆ ಹಾಕಿಸಿದೆವು. 70ರ ಗೋಡೆ ಬಿಟ್ಟು ಉಳಿದ ದುಡ್ಡಿನಲ್ಲಿ ಇದು ಬಂದು ಇನ್ನೂ ಮಿಕ್ಕಿತು. 3.5 ಇದ್ದ ಯು ಮೌಲ್ಯ 0.6ರ ಒಳಗೆ ಇಳಿಯಿತು. ಇದರ ಬೆಲೆ ಗೊತ್ತಾದದ್ದು ಚಳಿಗಿಂತ ಬೇಸಿಗೆಯಲ್ಲಿ. ಜುಲೈ ಮಧ್ಯಾಹ್ನ ಪಕ್ಕದವರ ಲೌಬೆಯೊಳಗೆ ನಿಲ್ಲಲಾಗದ ಸೆಕೆ ಇದ್ದಾಗ ನಮ್ಮಲ್ಲಿ ಮಗಳು ನಿದ್ದೆ ಮಾಡುತ್ತಿದ್ದಳು.

ಈಗ ನಾನು ಮಾಡಿದ ತಪ್ಪು. ಇಂಥ ಗೋಡೆ ಒಂದು ಎತ್ತರದಲ್ಲಿ ನಿಲ್ಲುವುದಿಲ್ಲ. ತೇವ ಹೆಚ್ಚಾದರೆ ಹಲಗೆ ಅಗಲಕ್ಕೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ. ಉದ್ದದಲ್ಲಿ ಹೆಚ್ಚು ಕಡಿಮೆ ಏನೂ ಆಗುವುದಿಲ್ಲ. ಒಂದೊಂದು ಹಲಗೆಯಲ್ಲಿ ಎರಡು ಮಿಲಿಮೀಟರ್ ಅಂದರೆ ಏನು ಮಹಾ ಅನ್ನಿಸುತ್ತದೆ, ಆದರೆ 2.2 ಮೀಟರ್ ಎತ್ತರಕ್ಕೆ ಒಟ್ಟು ಲೆಕ್ಕ ಹಾಕಿದರೆ ಬೇಸಿಗೆಗೂ ನವೆಂಬರಿಗೂ ಮೂರು ಸೆಂಟಿಮೀಟರ್ ತನಕ ವ್ಯತ್ಯಾಸ ಬರಬಹುದು. ಅದಕ್ಕೇ ಬಾಗಿಲು, ಕಿಟಕಿಗಳ ಚೌಕಟ್ಟಿನ ಮೇಲೆ ಖಾಲಿ ಜಾಗ ಬಿಟ್ಟಿರುತ್ತಾರೆ, ಚೌಕಟ್ಟನ್ನು ಗೋಡೆಗೆ ಸ್ಕ್ರೂ ಹಾಕಿ ಬಿಗಿಯಬಾರದು. ಬಾಗಿಲ ವಿಷಯದಲ್ಲಿ ಇದನ್ನು ಪಾಲಿಸಿದ್ದೆ. ಆದರೆ ಒಳಗೆ ಪಾತ್ರೆ ಇಡಲು ಒಂದು ಕಪಾಟು ಮಾಡಿ ಅದರ ಹಿಂಬದಿಯ ಪಟ್ಟಿಯನ್ನು ಐದು ಹಲಗೆಗಳಿಗೆ ಸೇರಿಸಿ ಗಟ್ಟಿಯಾಗಿ ಸ್ಕ್ರೂ ಹೊಡೆದುಬಿಟ್ಟಿದ್ದೆ. 2023ರ ಬೇಸಿಗೆಯಲ್ಲಿ ಒಂದು ಸಂಜೆ ಕಪಾಟಿನ ಪಕ್ಕ ಬಿಸಿಲಿನ ಗೆರೆ ಕಂಡಿತು. ಕೆಳಗಿನ ಹಲಗೆಗಳು ಒಣಗಿ ಇಳಿದಿದ್ದವು, ಪಟ್ಟಿಗೆ ಸಿಕ್ಕಿಕೊಂಡವು ಮೇಲೇ ನೇತಾಡುತ್ತಿದ್ದವು. ನಡುವೆ ಬೆರಳ ತುದಿ ಹೋಗುವಷ್ಟು ಸಂದು. ಪಟ್ಟಿ ಬಿಚ್ಚಿದ ಕೂಡಲೇ ಟಪ್ ಅಂತ ಗೋಡೆ ಕೂತಿತು, ಆ ಸದ್ದಿಗೆ ನನ್ನ ಎದೆ ಹಗುರಾಯಿತು. ಈಗ ಪಟ್ಟಿಯಲ್ಲಿ ಉದ್ದ ತೂತು ಕೊರೆದು, ಮೇಲೆ ಮಾತ್ರ ಒಂದು ಸ್ಕ್ರೂ ಬಿಗಿಸಿ, ಕೆಳಗಿನದನ್ನು ಜಾರುವಂತೆ ಸಡಿಲ ಬಿಟ್ಟಿದ್ದೇನೆ. ಗೋಡೆ ಎಷ್ಟೇ ದಪ್ಪ ಇದ್ದರೂ ಇದು ತಪ್ಪುವುದಿಲ್ಲ, 70ರದ್ದೂ ಹೀಗೆಯೇ ಏರಿ ಇಳಿಯುತ್ತದೆ.

2024ರ ಜೂನ್‌ನಲ್ಲಿ ಅಪ್ಪಯ್ಯ, ಅಮ್ಮ ಬಂದರು. ಲೌಬೆ ನೋಡಿ ಚೆನ್ನಾಗಿದೆ ಅಂತ ಅಮ್ಮ ಒಳಗೆ ಹೋಗಿ ಕಾಫಿಗೆ ಇಟ್ಟರು. ಅಪ್ಪಯ್ಯ ಒಳಗೆ ಬರಲೇ ಇಲ್ಲ. ಮನೆಯ ಸುತ್ತ ಎರಡು ಸಲ ನಡೆದರು. ಕೂತು ಜೇಬಿನಿಂದ ಬೀಗದ ಕೈ ತೆಗೆದು ತೊಲೆಗೆ ಅಲ್ಲಲ್ಲಿ ತಟ್ಟಿದರು, ಅದರ ತುದಿಯಿಂದ ಕೆಳಗಿನ ಹಲಗೆಯನ್ನು ಒತ್ತಿ ನೋಡಿದರು. ಪಶ್ಚಿಮದ ಮೂಲೆಯಲ್ಲಿ ನಿಂತು ನನ್ನನ್ನು ಕರೆದರು. ಮಾಡಿನ ನೀರು ಹಿಡಿಯಲು ಗೋಡೆಗೆ ಒತ್ತಿಕೊಂಡೇ ಇಟ್ಟಿದ್ದ ಡ್ರಮ್ಮು. ಅದರ ಹಿಂದೆ ಗಾಳಿ ಆಡುತ್ತಿರಲಿಲ್ಲ, ತುಂಬಿ ಚೆಲ್ಲಿದ ನೀರು ಹಲಗೆಗೇ ಬಡಿಯುತ್ತಿತ್ತು, ಅಲ್ಲಿ ಅಂಗೈಯಗಲ ಹಸಿರು ಪಾಚಿ ಕಟ್ಟಿತ್ತು. ಎರಡು ವರ್ಷ ದಿನವೂ ಅಲ್ಲಿಂದಲೇ ನೀರು ಮೊಗೆದರೂ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

"ಇದನ್ನ ಆಚೆ ಇಡು ಮೊದಲು" ಅಂದರು.

ಕಾಫಿ ಕುಡಿದು, ಡ್ರಮ್ಮು ಖಾಲಿ ಮಾಡಿ, ಇಬ್ಬರೂ ಸೇರಿ ಅದನ್ನು ಗೋಡೆಯಿಂದ ಒಂದು ಮಾರು ದೂರಕ್ಕೆ ಸರಿಸಿದೆವು. ಸೂರಿನ ನೀರು ಹರಿಯುವ ದೋಣಿಯಿಂದ ಅಲ್ಲಿಗೆ ಪೈಪು ಎಳೆದದ್ದು ಮರುದಿನ.